ಮಸ್ಕಡೆ ಸಪ್ಪೆ ವೈನ್ ಅಲ್ಲ

ಫ್ರಾನ್ಸಿನ ಬಿಳಿ ವೈನ್‌ಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಅದರಲ್ಲಿ ಮಸ್ಕಡೆ ಅನ್ನೋ ಬಿಳಿ ವೈನನ್ನು 'ಅಗ್ಗದ, ಸಪ್ಪೆ ವೈನ್' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿ ಅನ್ನಿಸಲಿಲ್ಲ. ಅದನ್ನು ಊಟದ ಜೊತೆ ಕುಡಿದು ನೋಡಬೇಕು, ಅಲ್ವಾ?

ಇದು ಲ್ವಾರ್ ನದಿ ಸಮುದ್ರ ಸೇರುವ ಕಡೆ, ನಾಂತ್ ಊರಿನ ಸುತ್ತಮುತ್ತ ಆಗುವ ವೈನ್. 1709ರ ಭಾರಿ ಚಳಿಗೆ ಅಲ್ಲಿನ ಬಹುಪಾಲು ದ್ರಾಕ್ಷಿ ಬಳ್ಳಿಗಳು ಸತ್ತುಹೋದವು. ಆಮೇಲೆ ಚಳಿ ತಡೆಯುವ ಮೆಲೊನ್ ದ ಬೊರ್ಗೋನ್ ಅನ್ನೋ ದ್ರಾಕ್ಷಿ ತಳಿಯನ್ನು ಜಾಸ್ತಿ ನೆಟ್ಟರು. ಮಸ್ಕಡೆ ಆಗುವುದು ಅದರಿಂದಲೇ. ಬಾಟಲಿ ಮೇಲೆ 'ಸುರ್ ಲೀ' ಅಂತ ಇದ್ದರೆ ಅದನ್ನೇ ತಗೊಳ್ಳಿ. ತಳದಲ್ಲಿ ಕೂತ ಯೀಸ್ಟ್ ಮಡ್ಡಿಯ ಮೇಲೆಯೇ ಚಳಿಗಾಲವಿಡೀ ಬಿಟ್ಟ ವೈನ್ ಅದು. ಬಾಯಿ ತುಂಬುವ ಹದ, ಬ್ರೆಡ್ಡಿನ ತೆಳು ವಾಸನೆ, ಕೆಲವೊಮ್ಮೆ ಸಣ್ಣ ಗುಳ್ಳೆಯ ಚುರುಕು ಬರುವುದು ಅದರಿಂದಲೇ.

ಮೂಗಿಗೆ ನಿಂಬೆ, ಹಸಿರು ಸೇಬು. ನಾಲಿಗೆಗೆ ಕೊನೆಯಲ್ಲಿ ತುಸು ಉಪ್ಪು. ಹಸಿ ಆಯಿಸ್ಟರ್ (ಚಿಪ್ಪಿನೊಳಗಿನ ಸಮುದ್ರಜೀವಿ) ಬಾಯಿಗೆ ಹಾಕಿಕೊಂಡು, ಅದರ ಉಪ್ಪುನೀರು ಇನ್ನೂ ನಾಲಿಗೆ ಮೇಲಿರುವಾಗಲೇ ಒಂದು ಗುಟುಕು ಕುಡಿಯಿರಿ. ನಿಂಬೆ ಹಿಂಡುವುದೇ ಬೇಡ, ಆ ಕೆಲಸ ವೈನೇ ಮಾಡುತ್ತದೆ. ನಾಂತ್ ಕಡೆ ಬೆಣ್ಣೆ, ವಿನೆಗರ್, ಸಣ್ಣ ಈರುಳ್ಳಿಯ ಬರ್ ಬ್ಲಾಂ ಸಾಸ್ ಹಾಕಿದ ಹೊಳೆ ಮೀನಿಗೂ ಇದೇ ಜೋಡಿ. ಅಷ್ಟು ಬೆಣ್ಣೆಯ ಜಿಡ್ಡಿಗೆ ಈ ಹುಳಿ ಬೇಕೇ ಬೇಕು.

ತೀರಾ ತಣ್ಣಗೆ ಮಾತ್ರ ಕುಡಿಯಬೇಡಿ. 9-10 ಡಿಗ್ರಿ ಸಾಕು. ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದರೆ ವಾಸನೆಯೇ ಏಳುವುದಿಲ್ಲ, ಆಗ ಯಾರಿಗಾದರೂ ಸಪ್ಪೆ ಅನ್ನಿಸುತ್ತದೆ. ಕ್ಲಿಸೋಂ, ಗೋರ್ಜ್ ಅಂತ ಊರಿನ ಹೆಸರು ಹೊತ್ತ ಮಸ್ಕಡೆಗಳು ಕನಿಷ್ಠ 2 ವರ್ಷ ಮಡ್ಡಿಯ ಮೇಲಿದ್ದು ಬರುತ್ತವೆ. ದಯವಿಟ್ಟು ಅವುಗಳ ಬಗ್ಗೆ ಒಂದು ಲೇಖನ ಬರೆಯಿರಿ.