ಸ್ಪಷ್ಟನೆ: ಕೊಂಬಿನ ಕವಲು ಎಣಿಸಿದರೆ ಮ್ಯೂಲ್ ಡೀರ್ ವಯಸ್ಸು ತಿಳಿಯದು

ಅಮೆರಿಕದ ನೆವಾಡಾ ರಾಜ್ಯದ ಸಾರ್ವಜನಿಕ ಜಮೀನಿನಲ್ಲಿ ಮ್ಯೂಲ್ ಡೀರ್ ಎಂಬ ಜಿಂಕೆಯನ್ನು ಬೇಟೆಯಾಡುವವರ ನಡುವೆ "ಕೊಂಬಿನ ಒಂದು ಬದಿಗೆ 4 ಕವಲಿದ್ದರೆ ಗಂಡಿಗೆ 4 ವರ್ಷ" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಕೊಂಬು ಪ್ರತಿ ವರ್ಷ ಉದುರಿ ಹೊಸದಾಗಿ ಬೆಳೆಯುತ್ತದೆ. ಮೇವು, ವಂಶ, ವಯಸ್ಸು ಮೂರೂ ಅದರ ಗಾತ್ರವನ್ನು ನಿರ್ಧರಿಸುತ್ತವೆ. ಮೇವು ಚೆನ್ನಾಗಿದ್ದರೆ ಎರಡೂವರೆ ವರ್ಷದ ಗಂಡಿಗೂ 4 ಕವಲು ಬರಬಹುದು, ತೀರಾ ಮುದಿಯಾದಾಗ ಕಡಿಮೆಯೂ ಆಗಬಹುದು.

ದುರ್ಬೀನಿನಲ್ಲಿ ಮೊದಲು ಮೈಕಟ್ಟು ನೋಡಿ. ವಯಸ್ಸಾದ ಗಂಡಿನ ಗುರುತು: ಆಳವಾದ ಎದೆ, ಜೋತ ಹೊಟ್ಟೆ, ಅದರಿಂದ ಗಿಡ್ಡವೆನಿಸುವ ಕಾಲು. ನವೆಂಬರಿನ ಬೆದೆಗಾಲದಲ್ಲಿ ಎಳೆಯ ಗಂಡಿನ ಕುತ್ತಿಗೆಯೂ ಊದಿಕೊಳ್ಳುವುದರಿಂದ ಅದೊಂದನ್ನೇ ನಂಬಬೇಡಿ. ಹೆಚ್ಚು ನಿಖರವಾದ ವಯಸ್ಸು ಬೇಕೆಂದರೆ, ಬೇಟೆಯ ನಂತರ ಕೆಳದವಡೆಯ ಬಾಚಿಹಲ್ಲನ್ನು ಬೇರುಸಮೇತ ಕಿತ್ತು ಪ್ರಯೋಗಾಲಯಕ್ಕೆ ಕಳಿಸಬೇಕು; ಅಲ್ಲಿ ಬೇರಿನ ಸಿಮೆಂಟಮ್ (ಬೇರನ್ನು ಮುಚ್ಚಿರುವ, ವರ್ಷ ವರ್ಷ ಬೆಳೆಯುವ ಗಟ್ಟಿ ಹೊದಿಕೆ) ಪದರಗಳನ್ನು ಎಣಿಸುತ್ತಾರೆ. ಬೇರು ಮುರಿದರೆ ಎಣಿಕೆ ಕೆಡುತ್ತದೆ.

ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.