ಹೆಲ್ಮೆಟ್ಟಿನ ಜೋಡು ಹಿಂದಿದ್ದರೆ ನಕಲಿಯೇ?

‘ಯುದ್ಧಕಾಲದ ಅಸಲಿ ಸಾಮಾನಾಗಿದ್ದರೆ ಮಾತ್ರ ಯುದ್ಧ ಸಿನಿಮಾದ ಪ್ರಾಪ್‌ಗೆ ಬೆಲೆ’ ಅಂತ, ಪ್ರಾಪ್ (ಶೂಟಿಂಗ್‌ಗೆ ಬಳಸಿದ ಸಾಮಾನು) ಸಂಗ್ರಹಿಸುವವರಿಗಾಗಿ ಬರೆದ ಲೇಖನದಲ್ಲಿ ಹೇಳಿದ್ದೀರಿ. ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಎರಡು ಅಸಲಿಗಳಿವೆ: ಯುದ್ಧದಲ್ಲಿ ಬಳಸಿದ್ದು, ಶೂಟಿಂಗ್‌ನಲ್ಲಿ ಬಳಸಿದ್ದು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಹಾಕುತ್ತಿದ್ದ ಎಂ1 ಹೆಲ್ಮೆಟ್ಟನ್ನೇ ನೋಡಿ. ಅದರ ಅಂಚುಪಟ್ಟಿಯ ಜೋಡು, ಅಂದರೆ ಅಂಚಿನ ಸುತ್ತಲಿನ ಲೋಹದ ಪಟ್ಟಿಯ ಎರಡು ತುದಿ ಸೇರುವ ಜಾಗ, ಮೊದಲು ಮುಂಭಾಗದಲ್ಲಿತ್ತು. 1944ರ ಕೊನೆಯ ಹೊತ್ತಿಗೆ ಹಿಂದಕ್ಕೆ ಹೋಯಿತು. ಹಾಗಾಗಿ 1944ರ ಜೂನ್‌ನಲ್ಲಿ ಫ್ರಾನ್ಸ್‌ನ ನಾರ್ಮಂಡಿ ತೀರದಲ್ಲಿ ಇಳಿದ ಸೈನಿಕರ ತಲೆಮೇಲೆ ಹಿಂಜೋಡಿನದು ಇರಲು ಸಾಧ್ಯವಿಲ್ಲ. ಆದರೆ ಯುದ್ಧದ ನಂತರದ ಹೆಲ್ಮೆಟ್ ಅಗ್ಗವಾಗಿ, ರಾಶಿಗಟ್ಟಲೆ ಸಿಗುತ್ತಿತ್ತು. ಸಿನಿಮಾದವರು ಅದನ್ನೇ ಧಾರಾಳವಾಗಿ ಬಳಸಿದರು. ಮಿಲಿಟರಿ ಸಂಗ್ರಾಹಕರಿಗೆ ಅದು ತಪ್ಪು ಹೆಲ್ಮೆಟ್, ಸಿನಿಮಾ ಪ್ರಾಪ್ ಸಂಗ್ರಹಿಸುವ ನಮಗೆ ಅದೇ ಸರಿಯಾದದ್ದು! ಸ್ಟಂಟ್‌ನವರ ರಬ್ಬರ್ ಬಂದೂಕಿನದೂ ಇದೇ ಕಥೆ.

ಇನ್ನು ‘ಇದು ಸಿನಿಮಾದಲ್ಲಿ ಬಳಸಿದ್ದೇ’ ಅನ್ನುವ ಸರ್ಟಿಫಿಕೇಟ್. ಒಂದು ಕೋಟ್ (ಮೇಲಂಗಿ) ಕೊಳ್ಳುವಾಗ ನಾನೂ ಸುಮ್ನೆ ಆ ಕಾಗದ ನಂಬಿ ದುಡ್ಡು ಕೊಟ್ಟೆ. ಒಳಗೆ ಕಾಸ್ಟ್ಯೂಮ್ ಕಂಪನಿಯ ಲೇಬಲ್ ಇರಲಿಲ್ಲ, ಹೊಲಿಗೆ ಬಿಚ್ಚಿದ ಗುರುತೂ ಇಲ್ಲ. ಬಾಡಿಗೆಗೆ ಓಡಾಡಿದ ಬಟ್ಟೆಯಲ್ಲಿ ಪಟ್ಟಿ ಕಿತ್ತು ಬೇರೆ ಹೊಲಿದ ತೂತುಗಳು ಸಾಮಾನ್ಯವಾಗಿ ಇರುತ್ತವೆ, ಅಲ್ವಾ? ಕಲೆ, ಹರಿದ ಜಾಗ, ಗುಂಡಿ ಇವನ್ನು ಪರದೆಯ ಮೇಲಿನ ದೃಶ್ಯಕ್ಕೆ ಹೋಲಿಸಿ ನೋಡುವ ವಿಚಾರ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಅದೇ ಮುಖ್ಯವಾಗಿ ಬೇಕಿತ್ತು.