ದೇವರಿಲ್ಲದವರು ಕಣ್ಣು ಮುಚ್ಚಿ ಕೂತಾಗ

ಬಾಲ್ಯದ ಗಾಯ ಹೊತ್ತು, ದೇವರನ್ನು ನಂಬದೆಯೂ ಧ್ಯಾನಕ್ಕೆ ಕೂರುವವರ ಕುರಿತ ಮಾತಿದು. ‘ಟ್ರಾಮಾ’ ಎಂಬುದಕ್ಕೆ ನಾವು ‘ಆಘಾತ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಆಘಾತ ಎಂದರೆ ಒಮ್ಮೆ ಬೀಳುವ ಪೆಟ್ಟು. ಬಾಲ್ಯದ ಗಾಯ ಎಷ್ಟೋ ಸಲ ಪೆಟ್ಟೇ ಅಲ್ಲ, ವರ್ಷಗಟ್ಟಲೆ ಸಿಗದೇ ಹೋದ ಆಸರೆ. ‘ಅಧ್ಯಾತ್ಮ’ದ ಕಥೆಯೂ ಅಷ್ಟೇ, ಆ ಪದದ ಹೊಟ್ಟೆಯಲ್ಲೇ ಆತ್ಮ ಕೂತಿದೆ. “ನನಗೆ ದೇವರೂ ಇಲ್ಲ, ಆತ್ಮವೂ ಇಲ್ಲ, ಅಧ್ಯಾತ್ಮ ಮಾತ್ರ ಇದೆ” ಎಂದು ಕನ್ನಡದಲ್ಲಿ ಹೇಳಿದರೆ ಕೇಳಿದವರು ನಕ್ಕಾರು. ಇಂಗ್ಲಿಷಿನಲ್ಲಿ ಅದು ದಿನಬಳಕೆಯ ಮಾತು. ಎರಡೂ ಭಾಷೆಗಳಲ್ಲಿ ಬದುಕುವ ಹೊರನಾಡಿನವರಿಗೆ ಈ ಅಂತರ ಬೇಗ ಕಾಣುತ್ತದೆ. ಅಮೆರಿಕದಲ್ಲಿ ಪ್ಯೂ ಸಂಶೋಧನಾ ಸಂಸ್ಥೆಯ 2023ರ ಸಮೀಕ್ಷೆಯ ಪ್ರಕಾರ ಶೇ 22ರಷ್ಟು ವಯಸ್ಕರು ‘ಧರ್ಮ ಬೇಡ, ಅಧ್ಯಾತ್ಮ ಇರಲಿ’ ಎನ್ನುವ ಗುಂಪಿನವರು. ಹಾಗಂತ ಅವರೆಲ್ಲ ನಾಸ್ತಿಕರೇನಲ್ಲ.

ಆಸ್ತಿಕರ ದಾರಿಯನ್ನು ಬಿಡಿಸಿ ಹೇಳುವುದು ಸುಲಭ. ಹೆದರಿದ ಮಗುವಿಗೆ ಓಡಿಹೋಗಿ ಅಪ್ಪಿಕೊಳ್ಳಲು ಒಬ್ಬರು ಬೇಕು. ಆ ಜಾಗ ಖಾಲಿ ಉಳಿದರೆ ಮುಂದೊಂದು ದಿನ ದೇವರು ಬಂದು ಕೂರುತ್ತಾನೆ. ತಾಯಿಯ ನಂಟು ದೂರದ್ದಾಗಿದ್ದವರಲ್ಲಿ ದಿಢೀರನೆ ಭಕ್ತರಾದವರು ಹೆಚ್ಚು ಎಂದು ಮನಶ್ಶಾಸ್ತ್ರಜ್ಞರಾದ ಕರ್ಕ್‌ಪ್ಯಾಟ್ರಿಕ್ ಮತ್ತು ಶೇವರ್ 1990ರಲ್ಲೇ ತೋರಿಸಿದ್ದರು. ಧರ್ಮದ ಹೊರಗಿನವರ ದಾರಿ ಸ್ವಲ್ಪ ಸುತ್ತು. ನಷ್ಟ, ದೌರ್ಜನ್ಯಗಳ ನೆನಪು ಇನ್ನೂ ಅರಗದೆ ಉಳಿದವರಲ್ಲಿ ‘ನ್ಯೂ ಏಜ್’ ಅಧ್ಯಾತ್ಮದ, ಅಂದರೆ ಯಾವ ಒಂದು ಮತಕ್ಕೂ ಸೇರದೆ ಹಲವು ಕಡೆಯಿಂದ ಆಯ್ದುಕೊಂಡ ಅಧ್ಯಾತ್ಮದ, ಒಲವು ಹೆಚ್ಚಿರುವುದನ್ನು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಪೆರ್ ಗ್ರಾನ್‌ಕ್ವಿಸ್ಟ್ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದರು. ಆ ನೆನಪಿಗೂ ಈ ಒಲವಿಗೂ ನಡುವೆ ಕೊಂಡಿಯಾಗಿ ಸಿಕ್ಕಿದ್ದು ತನ್ಮಯರಾಗಿಬಿಡುವ ಸ್ವಭಾವ.

ಎಡವುವುದು ಈ ತನ್ಮಯತೆಯಲ್ಲೇ. ಓಡಲೂ ಆಗದೆ, ಎದುರಿಸಲೂ ಆಗದೆ ಸಿಕ್ಕಿಬಿದ್ದ ಮಗು ಮೈಯನ್ನು ಅಲ್ಲೇ ಬಿಟ್ಟು ಮನಸ್ಸನ್ನು ಬೇರೆಲ್ಲೋ ಕಳಿಸಲು ಕಲಿಯುತ್ತದೆ. ಮೂವತ್ತು ವರ್ಷದ ಬಳಿಕ ಅದೇ ಮನುಷ್ಯ ಇಪ್ಪತ್ತು ನಿಮಿಷ ಉಸಿರು ಗಮನಿಸುತ್ತ ಕೂತರೆ ಹಳೆಯ ಬಾಗಿಲು ತಾನಾಗಿ ತೆರೆಯುತ್ತದೆ. ಅಂಗೈ ಜೋಮು ಹಿಡಿಯುತ್ತದೆ, ಸದ್ದುಗಳು ದೂರ ಸರಿಯುತ್ತವೆ, ಹತ್ತು ನಿಮಿಷ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. “ತುಂಬಾ ಆಳಕ್ಕೆ ಹೋಗಿದ್ದೆ” ಎನ್ನುತ್ತಾರೆ. ಆಳಕ್ಕೆ ಹೋದದ್ದಲ್ಲ, ಮನೆ ಬಿಟ್ಟು ಹೋದದ್ದು. ಗುರುತಿಸುವುದು ಕಷ್ಟವಲ್ಲ: ಕಣ್ಣು ತೆರೆದ ಕೂಡಲೇ ಇವತ್ತು ಯಾವ ವಾರ, ಹಸಿವಾಗಿದೆಯೇ, ಪಾದ ನೆಲಕ್ಕೆ ತಾಗಿದೆಯೇ ಎಂದು ಕೇಳಿಕೊಳ್ಳಿ. ನಿಜವಾಗಿ ನೆಮ್ಮದಿಯಲ್ಲಿ ಕೂತಿದ್ದವರಿಗೆ ಉತ್ತರ ಥಟ್ಟನೆ ಬರುತ್ತದೆ. ಇನ್ನು ಕೆಲವರಿಗೆ ಆಗುವುದು ಇದರ ತಿರುವುಮುರುವು. ಉಸಿರಿನ ಕಡೆ ಗಮನ ಹೋದೊಡನೆ ಎದೆ ಹೊಡೆದುಕೊಳ್ಳುತ್ತದೆ, ಏಕೆಂದರೆ ಭಯವೂ ಅದೇ ಎದೆಯಲ್ಲೇ ಬೀಡುಬಿಟ್ಟಿದೆ.

ಅದಕ್ಕೆ ಧ್ಯಾನವನ್ನೇ ಬಿಡಬೇಕಿಲ್ಲ, ಕೂರುವ ಕ್ರಮ ಬದಲಿಸಿದರೆ ಸಾಕು. ಕಣ್ಣು ಅರ್ಧ ತೆರೆದಿರಲಿ. ಬೆನ್ನಿಗೆ ಗೋಡೆ, ಎದುರಿಗೆ ಬಾಗಿಲು. ಮೊದಲ ಕೆಲವು ವಾರ ಮೂರರಿಂದ ಐದು ನಿಮಿಷ ಮಾತ್ರ. ಗಮನ ಉಸಿರಿನ ಮೇಲೆ ಬೇಡ, ಅಂಗಾಲಿನ ಮೇಲಿರಲಿ, ಇಲ್ಲವೇ ಹೊರಗಿನ ಒಂದು ಸದ್ದಿನ ಮೇಲೆ. ಜೋಮು ಹತ್ತಿದರೆ ಎದ್ದು ನಡೆಯಿರಿ. ‘ಸಹಿಸಿಕೊಂಡು ಕೂರಿ’ ಎನ್ನುವ ಸಲಹೆ ಇಲ್ಲಿ ವಿಷ. ಹತ್ತು ದಿನದ ಮೌನ ಶಿಬಿರ ಮೊದಲ ಮೆಟ್ಟಿಲಾಗಲೇಬಾರದು. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಚೇತರಿಕೆಯನ್ನು ಮೂರು ಹಂತವಾಗಿ ವಿವರಿಸಿದಾಗ ಸುರಕ್ಷತೆಯನ್ನು ಮೊದಲಿಟ್ಟರು, ನೆನಪು ಕೆದಕುವುದು ಅದರ ನಂತರ. ಶಿಬಿರಗಳು ಈ ಕ್ರಮವನ್ನು ತಲೆಕೆಳಗು ಮಾಡುವುದೇ ಹೆಚ್ಚು.

ಮಾತಿನ ಬಗ್ಗೆಯೂ ಎಚ್ಚರ ಬೇಕು. ‘ಶರಣಾಗಿ’, ‘ಬಿಟ್ಟುಕೊಡಿ’ ಎಂಬ ಸೂಚನೆ ಬಾಲ್ಯವಿಡೀ ಬಿಟ್ಟುಕೊಟ್ಟೇ ಬದುಕಿದವರಿಗೆ ಅಧ್ಯಾತ್ಮದಂತೆ ಕೇಳಿಸುವುದಿಲ್ಲ, ಹಳೆಯ ಅಪ್ಪಣೆಯಂತೆ ಕೇಳಿಸುತ್ತದೆ. ಪೆಟ್ಟು ದೇವರ ಹೆಸರಲ್ಲೇ ಬಿದ್ದಿದ್ದರಂತೂ ಮುಗಿಯಿತು. ಬಾಲ್ಯದ ಕಹಿ ಅನುಭವಗಳನ್ನು ಎಣಿಸುವ ‘ಏಸ್’ ಪಟ್ಟಿಯಲ್ಲಿ ಹತ್ತು ಬಗೆಗಳಿವೆ. 1998ರಲ್ಲಿ ವೈದ್ಯರಾದ ಫೆಲಿಟಿ, ಆಂಡಾ ಮತ್ತಿತರರ ಅಧ್ಯಯನದಿಂದ ಹೆಸರಾದ ಪಟ್ಟಿ ಅದು. ನರಕದ ಹೆದರಿಕೆ ಹಾಕಿ ಬೆಳೆಸಿದ್ದಕ್ಕೆ ಅದರಲ್ಲಿ ಅಂಕವಿಲ್ಲ. ಅಂಕ ಕಡಿಮೆ ಬಂತೆಂದು ಗಾಯ ಸಣ್ಣದೆನ್ನಲಾಗದು.

ಗುಣವಾದದ್ದನ್ನು ಅಳೆಯುವಲ್ಲೂ ಇದೇ ತೊಡಕು. ನೋವಿನ ನಂತರದ ಬೆಳವಣಿಗೆಯನ್ನು ಅಳೆಯಲು ಮನಶ್ಶಾಸ್ತ್ರಜ್ಞರಾದ ಟೆಡೆಸ್ಕಿ ಮತ್ತು ಕ್ಯಾಲ್‌ಹೂನ್ 1996ರಲ್ಲಿ 21 ವಾಕ್ಯಗಳ ಪ್ರಶ್ನಾವಳಿ ಕೊಟ್ಟರು. ಅಧ್ಯಾತ್ಮಕ್ಕೆ ಮೀಸಲಾಗಿದ್ದದ್ದು ಎರಡೇ ವಾಕ್ಯ, ಅದರಲ್ಲೊಂದು ಧಾರ್ಮಿಕ ಶ್ರದ್ಧೆ ಗಟ್ಟಿಯಾಯಿತೇ ಎಂದು ಕೇಳುತ್ತದೆ. ನಾಸ್ತಿಕರು ಏನೆಂದು ಉತ್ತರಿಸಬೇಕು? 2017ರಲ್ಲಿ ಬದುಕಿನ ಅರ್ಥ, ಇಡೀ ಅಸ್ತಿತ್ವದೊಂದಿಗಿನ ನಂಟು ಇಂಥವನ್ನು ಕೇಳುವ ನಾಲ್ಕು ವಾಕ್ಯ ಸೇರಿಸಿ 25 ಮಾಡಿದರು. ತಡವಾದರೂ ಸರಿಯಾದ ತಿದ್ದುಪಡಿ.

ಹೋಲಿಸಿ ನೋಡಿದರೆ ಆಸ್ತಿಕರಿಗೆ ಒಂದು ಅನುಕೂಲ ಉಂಟು, ಇದನ್ನು ಒಪ್ಪಿಕೊಳ್ಳಲು ದೇವರನ್ನು ನಂಬದ ನಮ್ಮ ಕಡೆಯವರಿಗೆ ಮನಸ್ಸಿಲ್ಲ. ಅವರ ದೇವರು ಕೇಳಿಸಿಕೊಳ್ಳುತ್ತಾನೆ, ಕನಿಷ್ಠ ಹಾಗೆಂದು ಅವರಿಗೆ ಅನಿಸುತ್ತದೆ. ನಕ್ಷತ್ರ, ಕಡಲು, ಸಂಗೀತ ಮೈನವಿರೇಳಿಸುತ್ತವೆ ನಿಜ, ಆದರೆ “ಹೇಗಿದ್ದೀಯ?” ಎಂದು ಕೇಳುವುದಿಲ್ಲ. ಗಾಯ ಆದದ್ದೇ ಮನುಷ್ಯರ ನಡುವೆ. ಹಾಗಾಗಿ ಒಂಟಿಯಾಗಿ ಕೂರುವ ಧ್ಯಾನದ ಜೊತೆ ವಾರಕ್ಕೊಮ್ಮೆ ಒಬ್ಬರೆದುರು ಕೂತು ಮಾತಾಡುವುದೂ ಇರಲಿ. ಅವರು ಆಪ್ತಸಮಾಲೋಚಕರಾಗಬಹುದು, ನಂಬಿಕೆಯ ಗೆಳತಿಯಾಗಬಹುದು. ಧ್ಯಾನ ಹೇಳಿಕೊಡುವವರನ್ನು ಆರಿಸುವಾಗ “ಮಧ್ಯದಲ್ಲಿ ಎದ್ದು ಹೋಗಬಹುದೇ?” ಎಂದು ಮೊದಲೇ ಕೇಳಿ. ಮುಖ ಗಂಟಿಕ್ಕಿದರೆ ಬೇರೆಯವರನ್ನು ಹುಡುಕಿ.